ಇಪ್ಪತ್ತು ನಿಮಿಷದ ಹಾರಾಟ

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆಗೆ ನಕಾಶೆಯ ಮೇಲೊಂದು ನೇರಗೆರೆ ಎಳೆಯಿರಿ. ಉದ್ದ ಸುಮಾರು 305 ಕಿ.ಮೀ. ಗೆರೆ ನಮ್ಮ ಹಾಸನ ಪಟ್ಟಣದ ಪಕ್ಕದಲ್ಲೇ ಹಾದುಹೋಗುತ್ತದೆ. ಗಂಟೆಗೆ 500 ಕಿ.ಮೀ. ವೇಗದ ಸಣ್ಣ ವಿಮಾನಕ್ಕೆ ಅದು ಮುಕ್ಕಾಲು ಗಂಟೆಗೂ ಕಡಿಮೆ ದಾರಿ. ವೇಳಾಪಟ್ಟಿಯಲ್ಲಿ ಮಾತ್ರ ಒಂದು ಗಂಟೆಯ ಆಸುಪಾಸು ಎಂದಿರುತ್ತದೆ. ನೆಲದ ಮೇಲೆ ಸಾಗುವುದು, ಏರುವುದು, ಇಳಿಯುವುದು ಉಳಿದ ನಿಮಿಷಗಳನ್ನು ನುಂಗುತ್ತವೆ.

ಹಾಸನದ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣವಾಗಬೇಕೆಂಬುದು ದಶಕಗಳ ಹಿಂದಿನ ಮಾತು. ಅಲ್ಲಿಂದ ದೇವನಹಳ್ಳಿಗೆ ಆಕಾಶಮಾರ್ಗ ಸುಮಾರು 175 ಕಿ.ಮೀ.; ಅದೇ ವೇಗದಲ್ಲಿ ಇಪ್ಪತ್ತು ನಿಮಿಷ. ಕೇಳಲು ಹಿತವಾದ ಲೆಕ್ಕವೇ. ಆದರೆ ಮಲ್ಲಿಪಟ್ಟಣದ ವಿದ್ಯಾರ್ಥಿಯೊಬ್ಬ ಬೂವನಹಳ್ಳಿಯಲ್ಲಿ ಹುಟ್ಟಿಲ್ಲ, ಅವನ ಕಾಲೇಜು ದೇವನಹಳ್ಳಿಯ ರನ್‌ವೇ ಮೇಲಿಲ್ಲ! ಅವನು ಬಸ್ಸು ಹಿಡಿದು ಹಾಸನ ತಲುಪಬೇಕು, ತಪಾಸಣೆಗಾಗಿ ಗಂಟೆ ಮೊದಲೇ ಸಾಲಿನಲ್ಲಿ ನಿಲ್ಲಬೇಕು, ಇಳಿದ ಮೇಲೆ ನಗರದ ನಡುವಿಗೆ ಮತ್ತೆ 35 ಕಿ.ಮೀ. ವಾಹನದಟ್ಟಣೆಯನ್ನು ದಾಟಬೇಕು. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮಾರ್ಗ ಪೂರ್ಣಗೊಂಡ ಮೇಲೆ ಹಾಸನದಿಂದ ರೈಲು ಮೂರು ಗಂಟೆಯ ಆಸುಪಾಸಿನಲ್ಲಿ ಯಶವಂತಪುರಕ್ಕೆ, ಅಂದರೆ ನಗರದೊಳಕ್ಕೇ, ತಲುಪಿಸುತ್ತದೆ. ಹಾಗಾದರೆ ಉಳಿದದ್ದೇನು?

ಸುಟ್ಟ ಇಂಧನದ ಲೆಕ್ಕವೂ ಇದೆ. ವಿಮಾನಕ್ಕೆ ಹೆಚ್ಚು ಇಂಧನ ಬೇಕಾಗುವುದು ಮೇಲೇರುವಾಗ. ದೂರದ ಪಯಣದಲ್ಲಿ ಆ ವೆಚ್ಚ ಸಾವಿರಾರು ಕಿಲೋಮೀಟರಿಗೆ ಹಂಚಿಹೋಗುತ್ತದೆ. ಇಲ್ಲಿ ಏರಿ ನೆಟ್ಟಗಾಗುವ ಹೊತ್ತಿಗೆ ಇಳಿಯುವ ಸಮಯ ಬಂದಿರುತ್ತದೆ. ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ತಲುಪಬಹುದಾದ ಊರುಗಳ ನಡುವಿನ ವಿಮಾನಯಾನವನ್ನು ಫ್ರಾನ್ಸ್ 2023ರಲ್ಲಿ ನಿಷೇಧಿಸಿತು. ಅಲ್ಲಿ ನಿಂತದ್ದು ಮೂರೇ ಮಾರ್ಗವೆಂಬುದು ನಿಜ, ಆದರೂ ಪ್ರಶ್ನೆಯನ್ನು ಸರಿಯಾದ ಕಡೆಯಿಂದ ಕೇಳಿದರು.

ಬಜ್ಪೆಯ ಹಾರಾಟದ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. 2024ರ ಜುಲೈ 26ರಂದು ಎಡಕುಮೇರಿ, ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣು ಕುಸಿದು ರೈಲುಗಳು ಹಲವು ದಿನ ನಿಂತವು. ಅದೇ ತಿಂಗಳು ಸಕಲೇಶಪುರದ ದೊಡ್ಡತಪ್ಪಲೆಯಲ್ಲಿ ಹೆದ್ದಾರಿಯ ಮೇಲೂ ಗುಡ್ಡ ಜಾರಿತು. ಅಂಥ ದಿನಗಳಲ್ಲಿ ರೋಗಿಗೆ, ಪರೀಕ್ಷೆಗೆ ಹೊರಟವನಿಗೆ ವಿಮಾನ ಆಸರೆಯೇ ಸರಿ, ದುಡ್ಡಿದ್ದರೆ. ಆದರೆ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದು ರಸ್ತೆ ಅಗಲ ಮಾಡಿದವರೇ, ಅದು ಕುಸಿದ ಮೇಲೆ ಆಕಾಶದ ಕಡೆ ಕೈತೋರಿಸುವುದು ಯಾವ ನ್ಯಾಯ? ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ 55 ಕಿ.ಮೀ.ಯಲ್ಲಿ 57 ಸುರಂಗಗಳನ್ನು ದಾಟುವ ಹಳಿ ನಮ್ಮಲ್ಲಿದೆ. ಅದರ ಇಳಿಜಾರುಗಳನ್ನು ಕಾಯುವುದು, ಮೇಲಿನ ಕಾಡನ್ನು ಉಳಿಸುವುದು, ನೀರು ಹರಿದುಹೋಗಲು ದಾರಿ ಬಿಡುವುದು ಮೊದಲ ಕೆಲಸವಾಗಬೇಕು.

ಮುಂದಿನ ಗ್ರಾಮಸಭೆಯಲ್ಲಿ ನಾವು ಕೇಳಬೇಕಾದದ್ದು ಇನ್ನೂ ಚಿಕ್ಕದು: ಬೆಳಿಗ್ಗೆ ಮಲ್ಲಿಪಟ್ಟಣದಿಂದ ಹೊರಟ ಬಸ್ಸು ಹಾಸನದಲ್ಲಿ ಬೆಂಗಳೂರಿನ ರೈಲಿಗೆ ಹೊಂದಬೇಕು, ಸಂಜೆಯ ರೈಲಿನಿಂದ ಇಳಿದವರನ್ನು ಕೊನೆಯ ಬಸ್ಸು ಕಾದು ಹತ್ತಿಸಿಕೊಂಡು ಬರಬೇಕು.