ಹೆದ್ದಾರಿಗೆ ಬುದ್ಧಿ ಬಂದರೆ ಸಾಲದು

ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಶಬ್ದಗಳು ಅಪರಿಚಿತವಲ್ಲ. ಎತ್ತಿನ ಮೇಲೆ ಹೇರಿ, ಬಂಡಿಯಲ್ಲಿ ತುಂಬಿ ತಂದ ಸರಕಿಗೆ ಸುಂಕವೆತ್ತುವ ಅಧಿಕಾರಿಗಳು ಅಂದೂ ಇದ್ದರು. ಆದರೆ ಹಾಗೆ ಎತ್ತಿದ ಸುಂಕದ ಒಂದು ಪಾಲನ್ನು ದೇಗುಲಕ್ಕೆ, ಕೆರೆಗೆ, ಸತ್ರಕ್ಕೆ, ಅರವಟ್ಟಿಗೆಗೆ ಬಿಟ್ಟುಕೊಟ್ಟ ದತ್ತಿಗಳೂ ಅವೇ ಶಾಸನಗಳಲ್ಲಿ ಕಾಣಸಿಗುತ್ತವೆ. ‘ಅಱವಟ್ಟಿಗೆ’ ಎಂಬ ಪದದ ಮೊದಲಲ್ಲಿರುವ ‘ಅಱ’ ಎಂಬುದು ಧರ್ಮವಾಚಕವಾದದ್ದು. ಸರಕು ಹೇರಿದವನಿಂದ ಪಡೆದುದರಲ್ಲಿ ಕೈ ಬೀಸಿಕೊಂಡು ನಡೆದುಬರುವವನ ಬಾಯಾರಿಕೆಗೂ ಒಂದು ಪಾಲಿತ್ತು. ಸುಂಕದ ಕಟ್ಟೆಯ ಕಣ್ಣಿಗೆ ಪಾದಚಾರಿಯೂ ಬೀಳುತ್ತಿದ್ದನೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಇಂದಿನ ಹೆದ್ದಾರಿಗೆ ಕಣ್ಣುಗಳು ಅನೇಕ. ‘ಇಂಟೆಲಿಜೆಂಟ್ ಟ್ರಾನ್ಸ್‌ಪೋರ್ಟ್ ಸಿಸ್ಟಮ್’ ಎಂದು ತಜ್ಞರು ಕರೆಯುವ ವ್ಯವಸ್ಥೆಯನ್ನು ಕನ್ನಡದಲ್ಲಿ ಬುದ್ಧಿಯುಕ್ತ ಸಾರಿಗೆ ವ್ಯವಸ್ಥೆ ಎನ್ನಬಹುದು. ವಾಹನಗಳನ್ನು ಎಣಿಸುವ, ಅವುಗಳ ವೇಗವನ್ನು ಅಳೆಯುವ, ಸಂಖ್ಯಾಫಲಕವನ್ನು ಓದುವ, ಮುಂದಿನ ಅಡಚಣೆಯನ್ನು ಹಿಂದಿನವರಿಗೆ ತಿಳಿಸುವ ಯಂತ್ರಗಳ ಸಮುದಾಯವೇ ಅದು. ಹೆಸರಿನಲ್ಲಿರುವ ಬುದ್ಧಿಶಬ್ದವು ಮಾತ್ರ ಸ್ವಲ್ಪ ವಿಚಾರಣೀಯವಾದುದು. ಶಾಸ್ತ್ರಕಾರರು ಬುದ್ಧಿಯನ್ನು ನಿಶ್ಚಯ ಮಾಡುವ ಶಕ್ತಿಯೆಂದು ತಿಳಿದರು. ವಿವೇಕವನ್ನು ಬೇರೆಯಾಗಿ ಎಣಿಸಿದರು. ಬೇರ್ಪಡಿಸಿ ನೋಡುವುದು, ಯಾವುದು ಹಿರಿದು ಯಾವುದು ಕಿರಿದೆಂದು ತೂಗುವುದು ವಿವೇಕ. ಯಂತ್ರಕ್ಕೆ ನಿಶ್ಚಯಶಕ್ತಿಯನ್ನು ಕೊಡುವುದು ಈ ಕಾಲಕ್ಕೆ ಸಾಧ್ಯವಾಗಿದೆ. ಏನನ್ನು ನೋಡಬೇಕೆಂಬ ವಿವೇಕವನ್ನಾದರೋ ಮನುಷ್ಯರೇ ಒದಗಿಸಬೇಕು.

ಕರ್ನಾಟಕದಲ್ಲಿ ಈ ವ್ಯವಸ್ಥೆ ಬೆಳೆದುಬಂದ ಬಗೆಯನ್ನು ಸ್ಥೂಲವಾಗಿ ಅವಲೋಕಿಸಬಹುದು. 2012ರಲ್ಲಿ ಮೈಸೂರು ನಗರದ ಸಾರಿಗೆ ಬಸ್ಸುಗಳಿಗೆ ಉಪಗ್ರಹದ ನೆರವಿನಿಂದ ಸ್ಥಾನವನ್ನು ಗುರುತಿಸುವ ಸಾಧನಗಳನ್ನು ಅಳವಡಿಸಿ, ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಬರುವುದೆಂದು ನಿಲ್ದಾಣದ ಫಲಕದಲ್ಲಿ ತೋರಿಸುವ ಏರ್ಪಾಡಾಯಿತು. ಸ್ವಂತ ವಾಹನವಿಲ್ಲದೆ ಬಸ್ಸಿಗಾಗಿ ಕಾದು ನಿಂತವನನ್ನು ಕುರಿತು ಯಂತ್ರವು ಆಡಿದ ಮಾತು ಅದಾಗಿತ್ತು. ಅನಂತರದ ಹೆಜ್ಜೆಗಳು ಬೇರೆ ದಿಕ್ಕಿಗೆ ತಿರುಗಿದವು. 2021ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಸುಂಕದ ಕಟ್ಟೆಗಳಲ್ಲಿ ಫಾಸ್ಟ್‌ಟ್ಯಾಗ್ ಕಡ್ಡಾಯವಾಯಿತು. ವಾಹನದ ಮುಂಗಾಜಿಗೆ ಅಂಟಿಸಿದ ಚಿಕ್ಕ ಪಟ್ಟಿಯನ್ನು ರೇಡಿಯೋ ಅಲೆಗಳು ಓದುತ್ತವೆ. ಹಣ ತಾನಾಗಿಯೇ ಖಾತೆಯಿಂದ ಸಲ್ಲುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ರಾಷ್ಟ್ರೀಯ ಹಾಗೂ ರಾಜ್ಯ ಹೆದ್ದಾರಿಗಳಲ್ಲಿ ವಿದ್ಯುನ್ಮಾನ ಸಾಧನಗಳ ಮೂಲಕ ನಿಗಾ ಇಡುವುದಕ್ಕೆ ಆಸ್ಪದವಿತ್ತಿತು. 2023ರ ಮಾರ್ಚಿಯಲ್ಲಿ ಉದ್ಘಾಟನೆಗೊಂಡ ಸುಮಾರು 118 ಕಿಲೋಮೀಟರು ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮೊದಲ ತಿಂಗಳುಗಳಲ್ಲಿಯೇ ಸಾವುಗಳು ಹೆಚ್ಚಿ, ಅದೇ ಆಗಸ್ಟಿನಿಂದ ದ್ವಿಚಕ್ರ, ತ್ರಿಚಕ್ರ ವಾಹನಗಳನ್ನೂ ಟ್ರ್ಯಾಕ್ಟರುಗಳನ್ನೂ ಮುಖ್ಯ ದಾರಿಯಿಂದ ಹೊರಗಿಡಲಾಯಿತು. ಮುಂದೆ ವೇಗವನ್ನು ಅಳೆದು ಸಂಖ್ಯಾಫಲಕವನ್ನು ಓದುವ ಕ್ಯಾಮೆರಾಗಳು ಬಂದವು. ಆ ಬಳಿಕ ಅಲ್ಲಿಯ ಸಾವುಗಳು ಬಹಳ ಇಳಿದುವೆಂಬುದು ಸಂತೋಷದ ಸಂಗತಿ. ಯಾರ ಹಂಗೂ ಇಲ್ಲದೆ, ಶ್ರೀಮಂತ ದರಿದ್ರ ಎಂಬ ಭೇದವೆಣಿಸದೆ ಎಲ್ಲರ ವೇಗವನ್ನೂ ಒಂದೇ ಅಳತೆಯಿಂದ ಅಳೆಯುವ ಯಂತ್ರವನ್ನು ನಿಂದಿಸುವುದು ನ್ಯಾಯವಲ್ಲ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಸುಂಕದ ಪಟ್ಟಿ ಇದ್ದವನನ್ನು ಈ ವ್ಯವಸ್ಥೆ ಕಾಣುತ್ತದೆ. ಸಂಖ್ಯಾಫಲಕ ಇದ್ದವನನ್ನು ಕಾಣುತ್ತದೆ. ಪುಸ್ತಕದ ಚೀಲವನ್ನು ಹೆಗಲಿಗೇರಿಸಿ ರಸ್ತೆಯ ಅಂಚಿನಲ್ಲಿ ನಿಂತ ಹತ್ತು ವರ್ಷದ ಬಾಲಕಿಗೆ ಸುಂಕವೂ ಇಲ್ಲ, ಸಂಖ್ಯೆಯೂ ಇಲ್ಲ. ಹಣ ಸಲ್ಲಿಸುವ ಕೈಯೂ ದಂಡಕ್ಕೆ ಗುರಿಯಾಗುವ ತಪ್ಪೂ ಇಲ್ಲದವರು ಹೆದ್ದಾರಿಯ ಬುದ್ಧಿಗೆ ಅಗೋಚರರಾಗಿ ಉಳಿದಿದ್ದಾರೆ. ಬೆಂಗಳೂರು–ಮೈಸೂರು ದಾರಿಯ ಇಕ್ಕೆಲದ ಹಳ್ಳಿಗರು, ವಾಹನಗಳು ಓಡಾಡತೊಡಗಿದ ಮೇಲೆ ತಮಗೆ ದಾಟಲು ಮೇಲುಸೇತುವೆ ಬೇಕೆಂದು ಕೇಳಬೇಕಾಗಿ ಬಂದುದು ಈ ಮಾತಿಗೆ ನಿದರ್ಶನ.

ಇದು ಬರಿಯ ಭಾವುಕತೆಯ ಮಾತಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ಭಾರತದ ರಸ್ತೆಗಳ ಮೇಲೆ ಮಡಿದವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು. ಅಂದರೆ ಸುಮಾರು ಐವರಲ್ಲಿ ಒಬ್ಬರು. ದ್ವಿಚಕ್ರ ವಾಹನದವರನ್ನೂ ಸೇರಿಸಿದರೆ ಒಟ್ಟು ಸಾವುಗಳ ಮೂರರಲ್ಲಿ ಎರಡು ಪಾಲಿನಷ್ಟಾಗುತ್ತದೆ. ರಾಜ್ಯ ಹೆದ್ದಾರಿಗಳಲ್ಲಿ ಸತ್ತವರೇ 41,012 ಮಂದಿ. ರಾಷ್ಟ್ರೀಯ ಹೆದ್ದಾರಿಗೆ ಬೇಲಿಯೂ ಮೇಲುಸೇತುವೆಯೂ ಒಂದಲ್ಲ ಒಂದು ದಿನ ಬರಬಹುದು. ರಾಜ್ಯ ಹೆದ್ದಾರಿಯಾದರೋ ಊರ ನಡುವೆಯೇ, ಸಂತೆಯ ಮಗ್ಗುಲಲ್ಲಿಯೇ, ಶಾಲೆಯ ಬಾಗಿಲ ಮುಂದೆಯೇ ಹಾದುಹೋಗುತ್ತದೆ. ಅಲ್ಲಿ ಪಾದಚಾರಿಯನ್ನು ಹೊರಗಿಡುವಂತಿಲ್ಲ. ಏಕೆಂದರೆ ಅದು ಮೊದಲಿನಿಂದ ಅವನದೇ ದಾರಿ.

ಯಂತ್ರದ ಬುದ್ಧಿಯನ್ನು ಜನರ ವಿವೇಕವು ತಿದ್ದಿದ ಒಂದು ಉಜ್ಜ್ವಲ ನಿದರ್ಶನ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿದೆ. ಅಲ್ಲಿಯ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಎಂಬ ಅವಳಿ ನಗರಗಳ ಹೆದ್ದಾರಿಗೆ ಏರುವ ಪ್ರವೇಶಮಾರ್ಗಗಳಲ್ಲಿ ಕೆಂಪು ಹಸಿರು ದೀಪಗಳನ್ನಿಟ್ಟು, ವಾಹನಗಳನ್ನು ಒಂದೊಂದಾಗಿ ಒಳಬಿಡುವ ಪದ್ಧತಿ 1969ರಲ್ಲಿ ಆರಂಭವಾಯಿತು. 2000ದ ಹೊತ್ತಿಗೆ ಅಂಥ ಸುಮಾರು 430 ದೀಪಗಳಿದ್ದವು. ಒಳಗೆ ಹೋದವರ ಓಟ ಸುಗಮವಾಯಿತು. ಹೊರಗೆ ಕಾಯುವವರ ತಾಳ್ಮೆ ಮಾತ್ರ ಮುಗಿಯಿತು. ದೀಪಗಳಿಂದ ಪ್ರಯೋಜನವಿಲ್ಲವೆಂಬ ಕೂಗೆದ್ದಿತು. ಆಗ ಆ ರಾಜ್ಯದ ಶಾಸನಸಭೆಯು ದೀಪಗಳನ್ನು ಕಿತ್ತೊಗೆಯಲೂ ಇಲ್ಲ, ಜನರನ್ನು ಗದರಿಸಲೂ ಇಲ್ಲ. ಅವನ್ನು ಆರಿಸಿ ಪರೀಕ್ಷಿಸಿರೆಂದು ವಿಧಿಸಿತು. ಆ ವರ್ಷದ ಅಕ್ಟೋಬರಿನಿಂದ ಡಿಸೆಂಬರಿನ ಆರಂಭದವರೆಗೆ ಎಲ್ಲ ದೀಪಗಳೂ ಆರಿದ್ದವು. ಫಲಿತಾಂಶವು ಮರುವರ್ಷ ಪ್ರಕಟವಾಯಿತು. ದೀಪವಿಲ್ಲದಾಗ ಅಪಘಾತಗಳು ಶೇಕಡಾ 26ರಷ್ಟು, ಪ್ರಯಾಣದ ಕಾಲ ಶೇಕಡಾ 22ರಷ್ಟು ಏರಿದ್ದವು. ಹೆದ್ದಾರಿಯು ಸಾಗಿಸಬಲ್ಲ ವಾಹನಗಳ ಪ್ರಮಾಣ ಶೇಕಡಾ 9ರಷ್ಟು ಇಳಿದಿತ್ತು.

ಯಂತ್ರವು ಗೆದ್ದಿತೆಂದು ಅಲ್ಲಿಗೆ ಕಥೆ ಮುಗಿಯಲಿಲ್ಲವೆಂಬುದೇ ಇಲ್ಲಿ ಮುಖ್ಯ. ದೀಪಗಳು ಮತ್ತೆ ಹೊತ್ತಿದಾಗ ಹಳೆಯ ನಿಯಮ ಬದಲಾಗಿತ್ತು. ಸಾಮಾನ್ಯ ಪ್ರವೇಶದಲ್ಲಿ ಯಾರೂ ನಾಲ್ಕು ನಿಮಿಷಕ್ಕಿಂತ ಹೆಚ್ಚು, ಒಂದು ಹೆದ್ದಾರಿಯಿಂದ ಇನ್ನೊಂದಕ್ಕೆ ಸೇರುವಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚು ಕಾಯಬಾರದೆಂಬ ಮಿತಿಯನ್ನು ಯಂತ್ರಕ್ಕೆ ಕಲಿಸಲಾಯಿತು. ಅದುವರೆಗೆ ಹೆದ್ದಾರಿಯ ಓಟವೊಂದನ್ನೇ ಹಿರಿದೆಂದು ಎಣಿಸುತ್ತಿದ್ದ ವ್ಯವಸ್ಥೆ, ಹೊರಗೆ ಕಾದು ನಿಂತವನ ಹೊತ್ತನ್ನೂ ಎಣಿಸಿತು. ಯಂತ್ರದ ಮಾತೂ ನಿಜವಾಗಿತ್ತು, ಜನರ ದೂರೂ ನಿಜವಾಗಿತ್ತು. ಎರಡನ್ನೂ ಕೂಡಿಸಿದ್ದು ಬಹಿರಂಗವಾದ ಪರೀಕ್ಷೆ.

ಕರ್ನಾಟಕದಲ್ಲಿಯೂ ಅಂಥ ವಿವೇಕ ಇಲ್ಲದಿಲ್ಲ. ರಾಜ್ಯ ಹೆದ್ದಾರಿ ಅಭಿವೃದ್ಧಿ ಯೋಜನೆಯ ಎರಡನೆಯ ಹಂತದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಬೆಳಗಾವಿ–ಯರಗಟ್ಟಿ ನಡುವಿನ 62 ಕಿಲೋಮೀಟರು ದಾರಿಯನ್ನು ಸುರಕ್ಷಿತ ಮಾರ್ಗದ ಮಾದರಿಯಾಗಿ ಆಯ್ದುಕೊಳ್ಳಲಾಯಿತು. ಅಲ್ಲಿ ನಡೆದುದು ಬಹುಮಟ್ಟಿಗೆ ಸಾಮಾನ್ಯ ಕೆಲಸಗಳು: ಕೂಡುರಸ್ತೆಗಳನ್ನು ತಿದ್ದುವುದು, ಊರುಗಳಲ್ಲಿ ಕಾಲುದಾರಿ ಕಟ್ಟುವುದು, ಗೆರೆ ಬಳಿಯುವುದು, ಫಲಕ ನೆಡುವುದು, ಅಪಾಯದ ಅಂಚಿಗೆ ತಡೆಗಂಬಿ ಹಾಕುವುದು, ಇವುಗಳೊಡನೆ ಪೊಲೀಸರ ಪಹರೆ. ಅನಂತರ ಅಲ್ಲಿಯ ಅಪಘಾತದ ಸಾವುಗಳು ಸುಮಾರು ಅರ್ಧದಷ್ಟು ತಗ್ಗಿದವು. ಕಾಲುದಾರಿಯನ್ನು ಯಾರೂ ಬುದ್ಧಿಯುಕ್ತವೆಂದು ಕರೆಯುವುದಿಲ್ಲ. ಆದರೆ ಆ ದಾರಿಯನ್ನು ರೂಪಿಸಿದವರ ಕಣ್ಣಿಗೆ ನಡೆಯುವವನು ಬಿದ್ದಿದ್ದನು.

ಹೀಗೆಂದ ಮಾತ್ರಕ್ಕೆ ಕ್ಯಾಮೆರಾಗಳು ಬೇಡ, ಹಳೆಯ ಕಾಲವೇ ಲೇಸೆಂದು ವಾದಿಸುವುದು ತರವಲ್ಲ. ಬೇಕಾದುದು ಯಂತ್ರದ ಮುಖವನ್ನು ತಿರುಗಿಸುವುದು. ಮೊದಲನೆಯದಾಗಿ, ರಾಜ್ಯ ಹೆದ್ದಾರಿಯಲ್ಲಿ ವೇಗವನ್ನು ಅಳೆಯುವ ಸಾಧನಗಳನ್ನು ಇಡುವಾಗ ಶಾಲೆ, ಆಸ್ಪತ್ರೆ, ಸಂತೆಗಳ ಮುಂದೆಯೇ ಮೊದಲು ಇಡಬೇಕು. ಅಲ್ಲಿಯೇ ಉಬ್ಬಿಸಿದ ದಾಟುಪಟ್ಟಿಯನ್ನೂ ಹಾಕಬೇಕು. ಎರಡನೆಯದಾಗಿ, ಸುಂಕ ಮತ್ತು ದಂಡದಿಂದ ಬಂದ ಹಣದ ಒಂದು ನಿಯತ ಪಾಲನ್ನು ಕಾಲುದಾರಿಗೂ ದಾಟುಸೇತುವೆಗೂ ಮೀಸಲಿಡಬೇಕು. ಇದು ಹೊಸ ಬೇಡಿಕೆಯಲ್ಲ. ಶಾಸನಗಳ ಕಾಲದ ಅರವಟ್ಟಿಗೆಯ ಧರ್ಮವೇ. ಮೂರನೆಯದಾಗಿ, ಯಂತ್ರವಿಟ್ಟ ಮೇಲೆ ಅಲ್ಲಿಯ ಸಾವುನೋವುಗಳು ಎಷ್ಟು ತಗ್ಗಿದುವೆಂಬುದನ್ನು ವರ್ಷವರ್ಷವೂ ಪ್ರಕಟಿಸಬೇಕು. ಎಷ್ಟು ದಂಡ ವಸೂಲಾಯಿತೆಂಬ ಲೆಕ್ಕವು ಸುರಕ್ಷಿತತೆಯ ಲೆಕ್ಕವಾಗಲಾರದು. ರಸ್ತೆಯ ವಿನ್ಯಾಸದ ದೋಷಕ್ಕೆ ಅದನ್ನು ಕಟ್ಟಿದವರೂ ಹೊಣೆಯೆಂದು 2019ರ ತಿದ್ದುಪಡಿ ಹೇಳುತ್ತದೆ. ಚಾಲಕನ ತಪ್ಪನ್ನು ಹಿಡಿಯುವಷ್ಟೇ ತತ್ಪರತೆಯಿಂದ ದಾರಿಯ ತಪ್ಪನ್ನೂ ಹಿಡಿದಾಗ ಮಾತ್ರ ಆ ಕಣ್ಣನ್ನು ನಿಷ್ಪಕ್ಷಪಾತವೆನ್ನಬಹುದು.

ಇದಕ್ಕೆಲ್ಲ ಹಣವೆಲ್ಲಿಯದೆಂಬ ಆಕ್ಷೇಪವು ಸಹಜ. ಕ್ಯಾಮೆರಾಗಳಿಗೂ ಅವುಗಳ ನಿಯಂತ್ರಣ ಕೊಠಡಿಗಳಿಗೂ ಹಣ ಹೊಂದಿಸುವ ಸರಕಾರಕ್ಕೆ ದಾಟುಪಟ್ಟಿಯ ಬಣ್ಣವೂ ನಾಲ್ಕು ಮಾರು ಕಲ್ಲಿನ ಹಾಸೂ ಭಾರವಾಗಲಾರವು. ಭಾರವಾಗುವುದು ನೆನಪಿಟ್ಟುಕೊಳ್ಳುವ ಕೆಲಸ. ಅದನ್ನು ನೆನಪಿಸುವ ಹೊಣೆ ಯಾರದು? ಹೆದ್ದಾರಿಯ ಬದಿಯಲ್ಲಿ ಮಠಗಳು ನಡೆಸುವ ಶಾಲೆಗಳು ಈ ನಾಡಿನಲ್ಲಿ ಕಡಿಮೆಯಿಲ್ಲ. ಅಲ್ಲಿ ಓದಿದವರು ಇಂದು ಲೋಕೋಪಯೋಗಿ ಇಲಾಖೆಯ ಎಂಜಿನಿಯರುಗಳಾಗಿ, ಗಣಕಯಂತ್ರ ತಜ್ಞರಾಗಿ, ಶಾಸಕರಾಗಿ ಇದ್ದಾರೆ. ತಾವು ಒಮ್ಮೆ ಬರಿಗಾಲಿನಲ್ಲಿ ದಾಟಿದ ದಾರಿಯ ನಕ್ಷೆಯನ್ನು ಇಂದು ತಾವೇ ಬರೆಯುವಾಗ ಆ ಬರಿಗಾಲು ಅವರ ನೆನಪಿನಲ್ಲಿರಬೇಕು. ಶಾಲೆಗೆ ಮಹಾದ್ವಾರವನ್ನು ಕಟ್ಟಿಸಿಕೊಡುವ ಉದಾರಿಗಳು ಆ ದ್ವಾರದ ಮುಂದಿನ ಇಪ್ಪತ್ತು ಅಡಿಗಳ ದಾರಿಯನ್ನು ದಾಟುವ ಮಕ್ಕಳ ಪರವಾಗಿ ಇಲಾಖೆಗೆ ಒಂದು ಮನವಿಯನ್ನು ಬರೆದರೂ ಅದು ದಾಸೋಹವೇ. ಶಾಲೆಯೆದುರು ದಿನಕ್ಕೆ ಎಷ್ಟು ಮಕ್ಕಳು ಎಷ್ಟು ಹೊತ್ತಿಗೆ ದಾಟುತ್ತಾರೆಂದು ಎಣಿಸಿ ಬರೆದಿಡುವ ಅಧ್ಯಾಪಕನು ಯಾವ ಯಂತ್ರವೂ ಎಣಿಸದ ಲೆಕ್ಕವೊಂದನ್ನು ನಾಡಿಗೆ ಒದಗಿಸಿದವನಾಗುತ್ತಾನೆ.

ಶರಣರು ನಡೆದಾಡುವ ಜಂಗಮಕ್ಕೆ ಕೊಟ್ಟ ಗೌರವವನ್ನು ಸ್ಥಾವರಕ್ಕೆ ಕೊಡಲಿಲ್ಲ. ಕಂಬದ ಮೇಲಿನ ಕ್ಯಾಮೆರಾ ಎಷ್ಟಾದರೂ ಸ್ಥಾವರ. ಅದರ ಕೆಳಗೆ ಹೆಜ್ಜೆಯಿಡುವ ಮಗುವೇ ಜಂಗಮ. ಆ ಹೆಜ್ಜೆ ನಿರ್ಭಯವಾದ ದಿನ ಹೆದ್ದಾರಿಗೆ ಬುದ್ಧಿ ಬಂದಿತೆಂದು ಧಾರಾಳವಾಗಿ ಹೇಳಬಹುದು.