ಸ್ವಭಾವಕ್ಕೊಂದು ಅಳತೆಗೋಲು

ರಾಯದುರ್ಗದಲ್ಲಿ ಹೊಲಿಗೆಯ ಕೆಲಸ ಕೇಳಿ ಬಂದವನಿಗೆ ಒಂದು ತುಂಡು ಬಟ್ಟೆ ಕೊಟ್ಟು ಹೊಲಿಸಿದರೆ ಸಾಕು, ಅವನ ಕೈಗುಣ ತಿಳಿಯುತ್ತದೆ. ಆದರೆ ರಾಯದುರ್ಗ, ಮಡಕಶಿರಗಳಿಂದ ಬೆಂಗಳೂರಿಗೆ ಉದ್ಯೋಗವನ್ನರಸಿ ಹೋಗುವ ನಮ್ಮ ಮಕ್ಕಳ ಮುಂದೆ ಕೆಲವು ಸಂಸ್ಥೆಗಳು ವ್ಯಕ್ತಿತ್ವ ಪರೀಕ್ಷೆಯನ್ನೂ ಇಡುತ್ತವೆ. ನೀವು ಜನರೊಡನೆ ಬೆರೆಯುವವರೋ, ಏಕಾಂತಪ್ರಿಯರೋ ಎಂಬಂಥ ಪ್ರಶ್ನೆಗಳು ಅಲ್ಲಿರುತ್ತವೆ.

ಇವುಗಳಲ್ಲಿ ಹೆಸರಾದುದು ಮೈಯರ್ಸ್-ಬ್ರಿಗ್ಸ್ ಪರೀಕ್ಷೆ. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ವಿಚಾರಗಳನ್ನು ಆಧರಿಸಿ ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಮತ್ತು ಮಗಳು ಇಸಾಬೆಲ್ ಮೈಯರ್ಸ್ ಇದನ್ನು ರೂಪಿಸಿದರು. ಇದು ಮನುಷ್ಯರನ್ನು 16 ಬಗೆಗಳಾಗಿ ವಿಂಗಡಿಸುತ್ತದೆ. ಕೆಲವು ವಾರಗಳ ಬಳಿಕ ಮತ್ತೆ ಉತ್ತರಿಸಿದಾಗ ಅನೇಕರ ಬಗೆಯೇ ಬದಲಾಗುವುದುಂಟು. ನೌಕರರ ಆಯ್ಕೆಗೆ ಇದನ್ನು ಬಳಸಬಾರದೆಂದು ಅದರ ಪ್ರಕಾಶಕರೇ ಹೇಳುತ್ತಾರೆ.

ಹಾಗೆಂದು ಎಲ್ಲ ಪರೀಕ್ಷೆಗಳೂ ನಿರರ್ಥಕವಲ್ಲ. ಕರ್ತವ್ಯನಿಷ್ಠೆಗೂ ಕೆಲಸದ ಗುಣಮಟ್ಟಕ್ಕೂ ಸಂಬಂಧವಿದೆಯೆಂದು ಬ್ಯಾರಿಕ್ ಮತ್ತು ಮೌಂಟ್ ಎಂಬ ಸಂಶೋಧಕರು 1991ರಲ್ಲಿ ತೋರಿಸಿದರು. ಆ ಸಂಬಂಧ ಸಾಧಾರಣ ಪ್ರಮಾಣದ್ದು. ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದರೆ ಇನ್ನೊಂದು ತೊಡಕುಂಟು. ಕನ್ನಡದಲ್ಲಿ ಓದಿದ ಹುಡುಗಿ ಅರ್ಥವಾಗದ ಪದಕ್ಕೆ ಅಂದಾಜಿನ ಗುರುತು ಹಾಕಿದರೆ, ಅಲ್ಲಿ ಅಳೆಯಲ್ಪಡುವುದು ಅವಳ ಭಾಷಾಜ್ಞಾನವೇ ಹೊರತು ಸ್ವಭಾವವಲ್ಲ.

ಆದುದರಿಂದ ಪೋಷಕರಲ್ಲಿ ಒಂದು ವಿನಂತಿ. ಅರ್ಥವಾಗದ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ ತಿಳಿಯುವ ಅಭ್ಯಾಸವನ್ನು ಮಕ್ಕಳಿಗೆ ಈಗಲೇ ಮಾಡಿಸಿ. ಮಿತಭಾಷಿ ಎಂಬ ಹಣೆಪಟ್ಟಿ ನೋಡಿ ಅವರ ಓದಿನ ದಾರಿಯನ್ನು ಬದಲಿಸಬೇಡಿ. ಅವಕಾಶ ಸಿಕ್ಕಲ್ಲಿ, ಕೆಲಸ ಮಾಡಿ ತೋರಿಸುತ್ತೇನೆ ಎಂದು ಕೇಳುವ ಧೈರ್ಯವನ್ನು ಅವರಲ್ಲಿ ತುಂಬಿ.