ತಂತ್ರಾಂಶದ ತಪ್ಪಿಗೆ ತೆರಿಗೆದಾರನ ದಂಡ: ಹೆಚ್ಚು ಕಟ್ಟಿದ ಹಣ ಮರಳುವ ದಾರಿ ದೂರ

ಬಂಟ್ವಾಳ: ಜುಲೈ ತಿಂಗಳು ಬಂತೆಂದರೆ ಬಿ.ಸಿ. ರೋಡು, ಬೆಳ್ತಂಗಡಿ, ಮೂಡುಬಿದಿರೆ ಪೇಟೆಗಳ ತೆರಿಗೆ ಸಲಹೆಗಾರರಿಗೆ ಬಿಡುವಿಲ್ಲ. ಫಾರಂ 16 ಹಿಡಿದ ಶಿಕ್ಷಕರು, ಠೇವಣಿ ಬಡ್ಡಿಯ ಲೆಕ್ಕ ತಂದ ನಿವೃತ್ತರು, ಸಣ್ಣ ವರ್ತಕರು. ಅಡಿಕೆ ಬೆಳೆಗಾರನ ಕೃಷಿ ಆದಾಯಕ್ಕೆ ತೆರಿಗೆಯಿಲ್ಲವಾದರೂ ಷೇರು ಪೇಟೆಯಲ್ಲಿ ಲಾಭ ಬಂದರೆ ಆತನೂ ಈ ಸಾಲಿಗೆ ಸೇರಬೇಕಾದೀತು. ಕಂಪ್ಯೂಟರ್ ಪರದೆಯಲ್ಲಿ ಕೊನೆಗೆ ಮೂಡುವ ಅಂಕಿಯೇ ಇವರೆಲ್ಲರ ಪಾಲಿಗೆ ಕಾನೂನು. ಆದರೆ ಆ ಅಂಕಿಯೂ ತಪ್ಪಬಹುದೆಂಬುದನ್ನು ಕಳೆದ ಕೆಲವು ವರ್ಷಗಳು ಎರಡು ಬಾರಿ ತೋರಿಸಿಕೊಟ್ಟಿವೆ.

ಮೊದಲನೆಯದು 2021ರದು. ಇನ್ಫೋಸಿಸ್ ರೂಪಿಸಿದ ಹೊಸ ಆದಾಯ ತೆರಿಗೆ ಜಾಲತಾಣ ಆ ವರ್ಷದ ಜೂನ್ 7ರಂದು ಕಾರ್ಯಾರಂಭ ಮಾಡಿತು. ಕೋವಿಡ್ ಕಾರಣದಿಂದ ರಿಟರ್ನ್ ಸಲ್ಲಿಕೆಯ ಗಡುವನ್ನು ಜುಲೈ 31ರಿಂದ ಸೆಪ್ಟೆಂಬರ್ 30ಕ್ಕೆ ಮುಂದೂಡಲಾಗಿತ್ತು. ಆದರೂ ತಂತ್ರಾಂಶ ತಡವಾದುದಕ್ಕೆ ಬಡ್ಡಿ ಹಾಗೂ ವಿಳಂಬ ಶುಲ್ಕವನ್ನು ತಪ್ಪಾಗಿ ಲೆಕ್ಕ ಹಾಕಿತು. ಆಗಸ್ಟ್ 1ರಂದು ದೋಷ ಸರಿಪಡಿಸಲಾಗಿದೆ, ಹೆಚ್ಚು ಕಟ್ಟಿದವರಿಗೆ ರಿಟರ್ನ್ ಪರಿಶೀಲನೆಯ ವೇಳೆ ಹಣ ಮರಳುತ್ತದೆ ಎಂದು ಇಲಾಖೆ ಪ್ರಕಟಿಸಿತು. ಇಲ್ಲಿ ತಪ್ಪು ನಿರ್ವಿವಾದವಾಗಿತ್ತು. ಹಾಗಾಗಿ ಪರಿಹಾರವೂ ಸುಲಭವಾಯಿತು.

ಎರಡನೆಯದು ಅಷ್ಟು ಸರಳವಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 7 ಲಕ್ಷ ರೂ.ವರೆಗೆ ಒಟ್ಟು ಆದಾಯವಿದ್ದವರಿಗೆ 87ಎ ಕಲಂ ಪ್ರಕಾರ ಗರಿಷ್ಠ 25,000 ರೂ. ರಿಬೇಟ್ ಇತ್ತು. 2024ರ ಜುಲೈ 5ರಂದು ಪರಿಷ್ಕೃತಗೊಂಡ ತಂತ್ರಾಂಶ, ಷೇರುಗಳ ಅಲ್ಪಾವಧಿ ಲಾಭದ ಮೇಲಿನ ತೆರಿಗೆಗೆ ಈ ರಿಬೇಟನ್ನು ಸದ್ದಿಲ್ಲದೆ ನಿಲ್ಲಿಸಿಬಿಟ್ಟಿತು. ಕಾಯ್ದೆಯ ಒಂದಕ್ಷರವೂ ಬದಲಾಗಿರಲಿಲ್ಲ. ಅದೇ ಲೆಕ್ಕವನ್ನು ಜುಲೈ 4ರಂದು ಸಲ್ಲಿಸಿದವರಿಗೆ ಒಂದು ತೆರಿಗೆ, 6ರಂದು ಸಲ್ಲಿಸಿದವರಿಗೆ ಇನ್ನೊಂದು!

ಉದಾಹರಣೆಗೆ, ಕಡಿತಗಳ ಬಳಿಕ 5 ಲಕ್ಷ ರೂ. ಸಂಬಳ, ಷೇರಿನ ಅಲ್ಪಾವಧಿ ಲಾಭ 1.5 ಲಕ್ಷ ರೂ. ಇರುವ ಶಿಕ್ಷಕಿಯೋರ್ವರನ್ನು ಊಹಿಸಿಕೊಳ್ಳಬಹುದು. ಸಂಬಳದ ಮೇಲೆ 10,000, ಲಾಭದ ಮೇಲೆ ಶೇ. 15ರಂತೆ 22,500, ಒಟ್ಟು 32,500 ರೂ. ತೆರಿಗೆ. ರಿಬೇಟ್ ಪೂರ್ಣ ದೊರೆತರೆ ಸೆಸ್ ಸೇರಿ ಕಟ್ಟಬೇಕಾದುದು 7,800 ರೂ. ಮಾತ್ರ. ಪರಿಷ್ಕೃತ ತಂತ್ರಾಂಶ ಕೇಳುವುದು 23,400 ರೂ. ವ್ಯತ್ಯಾಸ 15,600 ರೂ.

ಮುಂಬಯಿಯ ಚೇಂಬರ್ ಆಫ್ ಟ್ಯಾಕ್ಸ್ ಕನ್ಸಲ್ಟೆಂಟ್ಸ್ ಸಂಸ್ಥೆ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದಿಗೆ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿತು. 2024ರ ಡಿಸೆಂಬರ್‌ನಲ್ಲಿ ಮಧ್ಯಂತರ ಆದೇಶ, 2025ರ ಜನವರಿ 24ರಂದು ಅಂತಿಮ ತೀರ್ಪು ಹೊರಬಿದ್ದವು. ರಿಬೇಟ್ ಕೇಳುವ ಅವಕಾಶವನ್ನೇ ತಂತ್ರಾಂಶ ಮುಚ್ಚುವಂತಿಲ್ಲ, ಅರ್ಹತೆಯನ್ನು ಅಧಿಕಾರಿಗಳು ನಿರ್ಧರಿಸಲಿ ಎಂಬುದು ಅದರ ತಿರುಳು. ಕೇಳುವ ಹಕ್ಕು ದೊರೆಯಿತೇ ಹೊರತು ಹಣ ದೊರೆಯಲಿಲ್ಲ. ಬಳಿಕ ಇಲಾಖೆ ರಿಬೇಟನ್ನು ನಿರಾಕರಿಸುವ ಹಾದಿಯನ್ನೇ ಹಿಡಿಯಿತು. ಮೊದಲು ರಿಬೇಟ್ ನೀಡಿ ಬಳಿಕ ಬೇಡಿಕೆ ನೋಟಿಸು ಕಳುಹಿಸಿದ ಪ್ರಕರಣಗಳಲ್ಲಿ 2025ರ ಡಿಸೆಂಬರ್ 31ರೊಳಗೆ ಹಣ ಕಟ್ಟಿದರೆ ಬಡ್ಡಿ ಮನ್ನಾ ಎಂದು ಕೇಂದ್ರೀಯ ನೇರ ತೆರಿಗೆಗಳ ಮಂಡಳಿ ಸುತ್ತೋಲೆ ಹೊರಡಿಸಿತು. ಆದರೆ ಅದೇ ವರ್ಷ ಅಹಮದಾಬಾದಿನ ಮೇಲ್ಮನವಿ ನ್ಯಾಯಮಂಡಳಿ ತೆರಿಗೆದಾರರ ಪರ ತೀರ್ಪಿತ್ತಿದೆ. 2025ರ ಹಣಕಾಸು ಕಾಯ್ದೆಯು ಇಂತಹ ಆದಾಯಕ್ಕೆ ರಿಬೇಟ್ ಇಲ್ಲವೆಂದು ಸ್ಪಷ್ಟವಾಗಿ ಬರೆದುದು ಮುಂದಿನ ವರ್ಷಗಳಿಗೆ. ಮೊದಲೇ ನಿಷೇಧವಿದ್ದಿದ್ದರೆ ಹೊಸದಾಗಿ ಬರೆಯುವ ಅಗತ್ಯವೇನಿತ್ತು ಎಂಬ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಹಣ ಹಿಂಪಡೆಯುವ ಖರ್ಚೇ ಇಲ್ಲಿ ನಿಜವಾದ ಸಮಸ್ಯೆ. 154ನೇ ಕಲಂನಡಿ ತಿದ್ದುಪಡಿ ಅರ್ಜಿಗೆ ಶುಲ್ಕವಿಲ್ಲ. ಆದರೆ ಅದು ಕಣ್ಣಿಗೆ ಕಾಣುವ ಲೆಕ್ಕದ ತಪ್ಪಿಗೆ ಮಾತ್ರ. ವಾದಕ್ಕೆ ಎಡೆಯಿರುವ ಪ್ರಶ್ನೆಗೆ ಮೇಲ್ಮನವಿಯೇ ಗತಿ. ನೋಟಿಸು ತಲುಪಿದ 30 ದಿನಗಳೊಳಗೆ 1,000 ರೂ. ಶುಲ್ಕದೊಡನೆ ಮೊದಲ ಮೇಲ್ಮನವಿ. ಅಲ್ಲಿ ಸೋತರೆ ನ್ಯಾಯಮಂಡಳಿಗೆ ಆದಾಯದ ಶೇ. 1, ಅಂದರೆ ಮೇಲಿನ ಉದಾಹರಣೆಯ ಶಿಕ್ಷಕಿಗೆ 6,500 ರೂ. ಸಲಹೆಗಾರರ ಸಂಭಾವನೆ ಬೇರೆ. 15,600 ರೂ.ಗಾಗಿ ಬೆಳ್ತಂಗಡಿಯಿಂದ ಈ ಹೋರಾಟಕ್ಕಿಳಿಯುವವರು ಎಷ್ಟು ಮಂದಿ? ಇಂತಹ ದೂರು ಆಲಿಸಲು ಇದ್ದ ಆದಾಯ ತೆರಿಗೆ ಓಂಬುಡ್ಸ್‌ಮನ್ ವ್ಯವಸ್ಥೆಯನ್ನೂ 2019ರಲ್ಲೇ ಕೈಬಿಡಲಾಗಿದೆ. ತೆರಿಗೆದಾರ ತಡ ಮಾಡಿದರೆ ತಿಂಗಳಿಗೆ ಶೇ. 1 ಬಡ್ಡಿ, ಇಲಾಖೆ ಮರುಪಾವತಿಸುವಾಗ ಶೇ. ಅರ್ಧ.

ಹೀಗಿದ್ದರೂ ಕೈಚೆಲ್ಲಬೇಕಾಗಿಲ್ಲ. ಸಲ್ಲಿಸಿದ ರಿಟರ್ನಿನ ಪ್ರತಿ ಹಾಗೂ ತಂತ್ರಾಂಶ ತೋರಿಸಿದ ಲೆಕ್ಕದ ಮುದ್ರಿತ ಹಾಳೆಯನ್ನು ಕಾದಿರಿಸುವುದು ಒಳಿತು. ರಿಟರ್ನಿನಲ್ಲಿ ಕೇಳಲಾಗದೆ ಹೋದ ಮರುಪಾವತಿಗೆ ವಿಳಂಬ ಮನ್ನಾ ಕೋರಿ ಅರ್ಜಿ ಸಲ್ಲಿಸಲು, 2024ರ ಅಕ್ಟೋಬರ್ 1ರ ಸುತ್ತೋಲೆಯಂತೆ, ತೆರಿಗೆ ನಿರ್ಧಾರ ವರ್ಷ ಮುಗಿದ ಬಳಿಕ 5 ವರ್ಷಗಳ ಕಾಲಾವಕಾಶವಿದೆ. 2024-25ರಲ್ಲಿ ಹೊರಬಿದ್ದ ಆದೇಶಗಳ ಲೆಕ್ಕದ ತಪ್ಪಿಗೆ ತಿದ್ದುಪಡಿ ಕೋರಲು 2029ರ ಮಾರ್ಚ್ 31 ಕೊನೆಯ ದಿನ.